ಶಾಲೆಯಲ್ಲಿ ಮಾಡಿದ ವಿಜ್ಞಾನ ಚಟುವಟಿಕೆಯನ್ನು ಮನೆಯಲ್ಲಿ ಹೇಗೆ ಮುಂದುವರಿಸುವುದು? ನಮ್ಮ ಕಡೆಯ ಪಾಲಕರು, ಶಿಕ್ಷಕರು ತಿಳಿಸಿ

ಪಡಸಾಲೆ (ವಿಜಯಪುರ)
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ತರಗತಿ. ಈಚೆಗೆ ಅವರ ಶಿಕ್ಷಕಿ ಬಕೆಟ್ ನೀರು ಇಟ್ಟು, ಯಾವ ವಸ್ತು ಮುಳುಗುತ್ತದೆ, ಯಾವುದು ತೇಲುತ್ತದೆ ಎಂದು ಮಕ್ಕಳ ಕೈಯಿಂದಲೇ ಮಾಡಿಸಿದ್ದಾರೆ. ಅಂದಿನಿಂದ ನಮ್ಮ ಬಚ್ಚಲಿನಲ್ಲಿ ಬೀಗದ ಕೈ, ಬದನೆಕಾಯಿ, ಸೋಪಿನ ಡಬ್ಬಿ ಎಲ್ಲವೂ ನೀರು ಕಂಡಿವೆ. ಮೊನ್ನೆ ಕೇಳಿದಳು: ಮೊಳೆ ಮುಳುಗುತ್ತದೆ, ಅಷ್ಟು ಭಾರದ ಕಬ್ಬಿಣದ ಬುಟ್ಟಿ ಏಕೆ ತೇಲುತ್ತದೆ? ಅವಳ ಅಪ್ಪ ತಕ್ಷಣ "ಸಾಂದ್ರತೆ" ಎಂದರು. ಅವಳು "ಹೌದಾ" ಎಂದು ಎದ್ದು ಹೋದಳು. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು ಎಂದು ನನಗೆ ಬೇಸರವಾಯಿತು.

ಶಾಲೆಯಲ್ಲಿ ಶುರುವಾದದ್ದನ್ನು ಮನೆಯಲ್ಲಿ ಬೆಳೆಸಬೇಕು ಎಂಬ ಆಸೆ ಇದೆ. ಆದರೆ ಅದು ಇನ್ನೊಂದು ಹೋಮ್‌ವರ್ಕ್ ಆಗಬಾರದು. ಅಂಗಡಿಯ ವಿಜ್ಞಾನ ಕಿಟ್‌ಗಳ ಬೆಲೆ ನಮಗೆ ಹೊರೆ. ಮನೆ ಚಿಕ್ಕದು, ಬಿಡುವು ಸಿಗುವುದು ಭಾನುವಾರ ಮಾತ್ರ. ನೀವೆಲ್ಲ ಏನು ಮಾಡುತ್ತೀರಿ?

ಹುನಗುಂದದ ಗುರುಗಳು
ಮೊದಲು ಆ ಶಿಕ್ಷಕಿಗೆ ನನ್ನ ವಂದನೆ ತಿಳಿಸಿ. ಮೂವತ್ತೈದು ಮಕ್ಕಳ ತರಗತಿಯಲ್ಲಿ ನೀರಿನ ಚಟುವಟಿಕೆ ಮಾಡಿಸುವುದು ಸಣ್ಣ ಮಾತಲ್ಲ. ಆಮೇಲೆ ನೆಲ ಒರೆಸುವವರೂ ಅವರೇ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಸ ಪ್ರಯೋಗ ಹುಡುಕಬೇಡಿ, ಅದನ್ನೇ ಮುಂದಕ್ಕೆ ಒಯ್ಯಿರಿ. ಒಂದು ಮುದ್ದೆ ಜೇಡಿಮಣ್ಣು ಅಥವಾ ಚಪಾತಿ ಹಿಟ್ಟು ಕೊಡಿ. ಗುಂಡು ಮಾಡಿ ಹಾಕಿದರೆ ಮುಳುಗುತ್ತದೆ. ಅದೇ ಮುದ್ದೆಯನ್ನು ತೇಲುವಂತೆ ಮಾಡು ಎನ್ನಿ, ಅಷ್ಟೇ. ದೋಣಿಯ ಆಕಾರಕ್ಕೆ ಅವಳೇ ಬರುತ್ತಾಳೆ. ಬಂದ ಮೇಲೆ ಅದರಲ್ಲಿ ಹುಣಸೆ ಬೀಜ ಒಂದೊಂದಾಗಿ ಇಡಲಿ. ಎಷ್ಟು ಬೀಜಕ್ಕೆ ಮುಳುಗಿತು? ಗೋಡೆ ಎತ್ತರಿಸಿದರೆ ಎಷ್ಟು? ತಳ ಅಗಲಿಸಿದರೆ ಎಷ್ಟು? ಬುಟ್ಟಿ ಏಕೆ ತೇಲುತ್ತದೆ ಎಂಬುದಕ್ಕೆ ಉತ್ತರ ಅವಳ ಬೆರಳಿನಲ್ಲೇ ಸಿಗುತ್ತದೆ. ಸಾಂದ್ರತೆ ಎಂಬ ಹೆಸರು ಮುಂದಿನ ತರಗತಿಗಳಲ್ಲಿ ತಾನಾಗಿ ಬರಲಿ.

ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಗೋಡೆಯನ್ನೂ ತಳವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಕರದಂಟು (ಗೋಕಾಕ)
ಗುರುಗಳ ಮಾತಿಗೆ ನನ್ನದೂ ಸಹಿ. ಜೊತೆಗೆ ಒಂದು ಕಿತ್ತಳೆ ಹಣ್ಣು ತನ್ನಿ. ಸಿಪ್ಪೆಯ ಸಮೇತ ಹಾಕಿದರೆ ತೇಲುತ್ತದೆ. ಸುಲಿದು ಹಾಕಿ, ಮುಳುಗುತ್ತದೆ. ಸಿಪ್ಪೆ ತೆಗೆದರೆ ಹಣ್ಣು ಹಗುರಾಗಬೇಕಲ್ಲವೇ? ಹಗುರಾದದ್ದು ಏಕೆ ಮುಳುಗಿತು? ಮಕ್ಕಳು ಈ ಪ್ರಶ್ನೆಯನ್ನು ಬಿಡುವುದೇ ಇಲ್ಲ.

ಅಥಣಿ ಅಪ್ಪ
ನನ್ನ ಮಾತು ಕಟುವಾಗಿ ಕಂಡರೆ ಕ್ಷಮಿಸಿ. ನನ್ನ ಮಗ ಐದನೇ ತರಗತಿ, ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದಾನೆ. ಆ ಪರೀಕ್ಷೆಯಲ್ಲಿ 80 ಪ್ರಶ್ನೆ: ಮಾನಸಿಕ ಸಾಮರ್ಥ್ಯ, ಅಂಕಗಣಿತ, ಭಾಷೆ. ವಿಜ್ಞಾನ ಒಂದು ಅಂಕಕ್ಕೂ ಇಲ್ಲ. ವಿಜಯಪುರದಲ್ಲಿ ಓಣಿಗೊಂದು ಸೈನಿಕ ಶಾಲೆ ತರಬೇತಿ ಫಲಕ ಇದೆ, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆಗಾಗಿ ಪಾಲಕರು ಎಷ್ಟು ಕಷ್ಟಪಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ನಮ್ಮಂಥವರಿಗೆ ಮಗುವಿಗೆ ಒಳ್ಳೆಯ ಶಾಲೆ ಸಿಗಲು ಇರುವ ಬಾಗಿಲು ಅದೊಂದೇ. ಆ ವಯಸ್ಸಿನಲ್ಲಿ ಹಿಟ್ಟಿನ ದೋಣಿ ಮಾಡಿಸುತ್ತ ಕುಳಿತರೆ ಹೇಗೆ?

ನವನಗರದವಳು (ಬಾಗಲಕೋಟೆ)
ಅಥಣಿ ಅಪ್ಪನವರೇ, ಇಲ್ಲಿ ಕೇಳಿದ್ದು ನಾಲ್ಕನೇ ತರಗತಿಯ ಮಗುವಿನ ಬಗ್ಗೆ, ಭಾನುವಾರದ ಒಂದು ಗಂಟೆಯ ಬಗ್ಗೆ. ಅದನ್ನೂ ಬಿಡುವುದಿಲ್ಲವೆಂದರೆ ಮಗುವಿಗೆ ಉಳಿಯುವುದೇನು?

ಅಥಣಿ ಅಪ್ಪ
ಆ ಒಂದು ಗಂಟೆಯಲ್ಲಿ ಭಿನ್ನರಾಶಿ ಗಟ್ಟಿಯಾಗುತ್ತದೆ.

ಹುನಗುಂದದ ಗುರುಗಳು
ನಿಮ್ಮ ಚಿಂತೆ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಮಳೆ ಅಳೆದು ವಾರದ ಸರಾಸರಿ ತೆಗೆಯುವ ಮಗು ಮಾಡುವುದು ಅಂಕಗಣಿತವನ್ನೇ. ನನ್ನ ಶಾಲೆಯ ಮಕ್ಕಳಿಗೆ ದಶಮಾಂಶ ಅರ್ಥವಾದದ್ದು ಸ್ಕೇಲಿನಿಂದ ಮೊಳಕೆಯ ಉದ್ದ ಅಳೆದಾಗ, ಹಲಗೆಯ ಮೇಲಲ್ಲ.

ಎರೆಹೊಲ (ಬಸವನ ಬಾಗೇವಾಡಿ)
ನಾನು ಓದಿದ್ದು ಕಡಿಮೆ, ಒಕ್ಕಲುತನ ನನ್ನದು. ಆದರೆ ಮಣ್ಣಿನ ಬಗ್ಗೆ ಹೇಳಬಲ್ಲೆ. ಎರಡು ಗಾಜಿನ ಭರಣಿ ತೆಗೆದುಕೊಳ್ಳಿ. ಒಂದರಲ್ಲಿ ಮೂರನೇ ಒಂದು ಭಾಗ ಎರೆಮಣ್ಣು (ಕಪ್ಪು ಮಣ್ಣು), ಇನ್ನೊಂದರಲ್ಲಿ ಅಷ್ಟೇ ಮಸಾರಿ ಮಣ್ಣು (ಕೆಂಪು ಮಣ್ಣು). ನೀರು ತುಂಬಿ, ಮುಚ್ಚಳ ಹಾಕಿ, ಚೆನ್ನಾಗಿ ಅಲ್ಲಾಡಿಸಿ ಕಿಟಕಿಯಲ್ಲಿಡಿ. ಮರಳು ಒಂದೆರಡು ನಿಮಿಷದಲ್ಲೇ ತಳಕ್ಕೆ ಬರುತ್ತದೆ. ಅದರ ಮೇಲೆ ನುಣುಪು ಮಣ್ಣು ಕೂರಲು ಗಂಟೆಗಳು ಬೇಕು. ಎರೆಯ ನೀರು ಮಾತ್ರ ಮರುದಿನ ನೋಡಿದರೂ ಕದಡೇ ಇರುತ್ತದೆ. ಅದರಲ್ಲಿರುವ ಜೇಡಿ ಅಷ್ಟು ಸಣ್ಣದು. ಚಿಟಿಕೆ ಪಟಿಕ ಹಾಕಿದರೆ ಬೇಗ ತಿಳಿಯಾಗುತ್ತದೆ. ಹಾಕದ ಭರಣಿಯನ್ನೂ ಪಕ್ಕದಲ್ಲಿಟ್ಟು ಹೋಲಿಸಲಿ.

ಇನ್ನೊಂದಿದೆ. ಒದ್ದೆ ಎರೆಯನ್ನು ಕಡ್ಡಿಪೆಟ್ಟಿಗೆಯ ಒಳಡಬ್ಬಿಯಲ್ಲಿ ಅಂಚಿನವರೆಗೆ ತುಂಬಿ, ಚಮಚದ ಬೆನ್ನಿನಿಂದ ಸಮ ಮಾಡಿ ಬಿಸಿಲಿಗಿಡಿ. ಒಣಗಿದ ಮೇಲೆ ಡಬ್ಬಿಯ ಗೋಡೆಯಿಂದ ಮಣ್ಣು ಸರಿದು ನಿಂತಿರುತ್ತದೆ, ನಡುವೆ ಬಿರುಕು ಬಿಟ್ಟಿರುತ್ತದೆ. ಸ್ಕೇಲು ಹಿಡಿದು ಎಷ್ಟು ಕುಗ್ಗಿದೆ ಅಳೆಯಿರಿ. ಮಸಾರಿಯ ಡಬ್ಬಿ ಅಷ್ಟು ಕುಗ್ಗುವುದಿಲ್ಲ. ನಮ್ಮ ಹೊಲದಲ್ಲಿ ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಏಕೆ ಬೀಳುತ್ತದೆ, ಮಳೆ ನಿಂತ ಮೇಲೂ ಬಿಳಿಜೋಳ ಹಿಂಗಾರಿಯಲ್ಲಿ ಬರೀ ನೆಲದ ಹಸಿಯಲ್ಲಿ ಹೇಗೆ ಬೆಳೆಯುತ್ತದೆ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ರಸಾಯನ (ರಬಕವಿ)
ಎರೆಹೊಲದವರ ಬರಹ ಎಷ್ಟು ಚೆನ್ನಾಗಿದೆ! ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಒಂದು ಮಾತು ಸೇರಿಸುತ್ತೇನೆ. ಎರೆಯಲ್ಲಿರುವ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜಗಳು ತೆಳುವಾದ ಪದರಗಳ ರೂಪದಲ್ಲಿರುತ್ತವೆ. ನೀರು ಆ ಪದರಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಹೊರಟಾಗ ಕುಗ್ಗುತ್ತದೆ. ವಿಜಯಪುರದ ಕಡೆಯ ಎರೆ ಬಹುಪಾಲು ದಖ್ಖನ್ನಿನ ಲಾವಾ ಬಂಡೆ, ಅಂದರೆ ಬಸಾಲ್ಟ್, ಸವೆದು ಆದದ್ದು. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ.

ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಒಣ ಮರಳಿನಲ್ಲಿ ಎಳೆಯಿರಿ. ಕಪ್ಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ಅದು ಬಸಾಲ್ಟಿನಲ್ಲಿದ್ದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಚೀಲವಿಲ್ಲದೆ ಎಳೆದರೆ ಬಿಡಿಸಲು ಸಾಕುಸಾಕಾಗುತ್ತದೆ, ಆದ್ದರಿಂದ ಸುತ್ತುವುದನ್ನು ಮರೆಯಬೇಡಿ. ಬಾದಾಮಿಯ ಕೆಂಪು ಮರಳುಗಲ್ಲಿನ ಪುಡಿಯಲ್ಲಿ ಇಷ್ಟು ಸಿಗುತ್ತದೆಯೇ? ಬಾಗಲಕೋಟೆಯವರು ಮಾಡಿ ತಿಳಿಸಿ.

ನವನಗರದವಳು
ದಯವಿಟ್ಟು ಗುಹೆಗಳ ಹತ್ತಿರ ಯಾರೂ ಕಲ್ಲು ಕೆರೆಯಬೇಡಿ. ಊರ ಹೊರಗಿನ ಹಳ್ಳದಲ್ಲಿ ಅದೇ ಕಲ್ಲಿನ ಮರಳು ಸಾಕಷ್ಟಿದೆ.

ಪಡಸಾಲೆ
ಎಷ್ಟೆಲ್ಲ ಬಂತು! ಹಿಟ್ಟಿನ ದೋಣಿ ಇಂದೇ ಶುರು. ಬೆಟ್ಟದ ಮಾದರಿಯಿಂದ ನೊರೆ ಉಕ್ಕಿಸುವ ಜ್ವಾಲಾಮುಖಿ ಪ್ರಯೋಗದ ಬಗ್ಗೆ ಏನು ಹೇಳುತ್ತೀರಿ? ಪರಿಚಯದವರ ಮಗನ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ತರಲು ಹೇಳಿದ್ದರಂತೆ, ಸ್ಟೇಷನರಿ ಅಂಗಡಿಯಲ್ಲಿ ಥರ್ಮಾಕೋಲಿನ ಸಿದ್ಧ ಮಾದರಿಯೇ ಸಿಗುತ್ತದಂತೆ.

ಕರದಂಟು
ಈ ಸಿದ್ಧ ಮಾದರಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಗಡಿಯವನು ಮಾಡಿದ್ದಕ್ಕೆ ಅಪ್ಪ ದುಡ್ಡು ಕೊಡುತ್ತಾನೆ, ಅಮ್ಮ ಹೊತ್ತು ತರುತ್ತಾಳೆ, ಮಗು ಅದರ ಪಕ್ಕ ನಿಂತು ಬಾಯಿಪಾಠ ಒಪ್ಪಿಸುತ್ತದೆ. ಬಹುಮಾನವೂ ಹೆಚ್ಚು ಬಣ್ಣ ಬಳಿದದ್ದಕ್ಕೇ. ಮಗು ಇದರಲ್ಲಿ ಏನು ಮಾಡಿತು?

ಬೇಸಿಗೆ ಸೂಟಿ (ಮುಧೋಳ)
ಅಷ್ಟು ಸಿಟ್ಟು ಬೇಡ. ನನ್ನ ಮಗನಿಗೆ ನೊರೆ ಉಕ್ಕುವುದು ನೋಡಲು ಬಹಳ ಇಷ್ಟ. ಸಂತೋಷಕ್ಕೂ ಜಾಗವಿರಲಿ.

ರಸಾಯನ
ಇಬ್ಬರ ಮಾತೂ ಒಪ್ಪುತ್ತೇನೆ. ಬೆಟ್ಟ ಬಿಡಿ, ನೊರೆ ಇಟ್ಟುಕೊಳ್ಳಿ. ಅಡುಗೆ ಸೋಡಾ ಒಂದು ಚಮಚ, ಅದರ ಮೇಲೆ ನಿಂಬೆರಸ. ಮೊದಲು ಅರ್ಧ ಹೋಳು, ಆಮೇಲೆ ಒಂದು, ಆಮೇಲೆ ಎರಡು, ಹೀಗೆ ಹೆಚ್ಚಿಸುತ್ತ ಹೋಗಿ. ನೊರೆ ಹೆಚ್ಚುತ್ತಲೇ ಹೋಗುತ್ತದೆಯೇ, ಎಲ್ಲೋ ಒಂದು ಕಡೆ ನಿಲ್ಲುತ್ತದೆಯೇ? ನಿಲ್ಲುತ್ತದೆ, ಏಕೆಂದರೆ ಸೋಡಾ ಮುಗಿದಿರುತ್ತದೆ. ಇದನ್ನೇ ಬಾಟಲಿಯೊಳಗೆ ಮಾಡಿ ಅದರ ಬಾಯಿಗೆ ಬಲೂನು ಸಿಕ್ಕಿಸಿದರೆ ಅನಿಲ ಎಷ್ಟು ಬಂತು ಎಂದು ಕಣ್ಣಿಗೆ ಕಾಣುತ್ತದೆ.

ಇನ್ನು ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರ ಮೇಲೆ ನಿಂಬೆರಸ ಹನಿಸಿ. ಅಲ್ಲಿಯೂ ಗುಳ್ಳೆ ಏಳುತ್ತದೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೂರು ಬಾಟಲಿಯಲ್ಲಿ ಸಮನಾಗಿ ಬೋರ್‌ವೆಲ್ ನೀರು, ನಲ್ಲಿ ನೀರು, ಹಿಡಿದಿಟ್ಟ ಮಳೆನೀರು ತುಂಬಿ, ಒಂದೇ ಅಳತೆಯ ಸೋಪಿನ ಚೂರು ಹಾಕಿ, ಒಂದೇ ರೀತಿ ಅಲ್ಲಾಡಿಸಿ. ಯಾವುದರಲ್ಲಿ ನೊರೆ ನಿಲ್ಲುತ್ತದೆ ನೋಡಿ. ಇದಕ್ಕೆ ಬಟ್ಟೆ ಸೋಪಿನ ಬಿಲ್ಲೆ ಬೇಕು, ಡಿಟರ್ಜೆಂಟ್ ಪುಡಿಯಲ್ಲಿ ವ್ಯತ್ಯಾಸ ಅಷ್ಟು ಕಾಣುವುದಿಲ್ಲ.

ಇಳಕಲ್ ಅಜ್ಜಿ
ನನ್ನ ಮೊಮ್ಮಗಳು ಇದನ್ನು ಬರೆದು ಹಾಕುತ್ತಿದ್ದಾಳೆ, ಮಾತು ನನ್ನದು. ಆರತಿಯ ಕೆಂಪು ನೀರು ನಾವು ಹೇಗೆ ಮಾಡುತ್ತಿದ್ದೆವು? ಅರಿಶಿನದ ನೀರಿಗೆ ಚೂರು ಸುಣ್ಣ. ಹಳದಿ ಇದ್ದದ್ದು ಕಣ್ಣೆದುರೇ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಮೊಮ್ಮಗಳು ಅದಕ್ಕೆ ನಿಂಬೆ ಹಿಂಡಿ ಮತ್ತೆ ಹಳದಿ ಮಾಡಿದಳು. ಇಷ್ಟು ವರ್ಷ ಆರತಿ ಎತ್ತಿದ ನಾನೂ ಅದನ್ನು ನೋಡಿರಲಿಲ್ಲ, ಬಹಳ ಖುಷಿಯಾಯಿತು. ಸೀರೆಗೆ ಅರಿಶಿನ ಬಿದ್ದು ಸೋಪು ಹಚ್ಚಿದರೆ ಕಲೆ ಕೆಂಪಾಗುವುದೂ ಇದರಿಂದಲೇ ಎಂದು ಅವಳೇ ಕಂಡುಹಿಡಿದಳು.

ರಸಾಯನ
ಅಜ್ಜಿ, ನಿಮ್ಮ ಮೊಮ್ಮಗಳಿಗೆ ನನ್ನ ಶಭಾಷ್. ದಪ್ಪ ಬಿಳಿ ಕಾಗದವನ್ನು ಅರಿಶಿನದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಪಟ್ಟಿ ಕತ್ತರಿಸಿ ಇಟ್ಟುಕೊಂಡರೆ ತಿಂಗಳುಗಟ್ಟಲೆ ಮಜ್ಜಿಗೆ, ಸೋಪು, ಹುಣಸೆ ರಸ, ಬೂದಿ ನೀರು ಎಲ್ಲವನ್ನೂ ಪರೀಕ್ಷಿಸಬಹುದು. ಅರಿಶಿನ ಕ್ಷಾರಕ್ಕೆ ಮಾತ್ರ ಕೆಂಪಾಗುತ್ತದೆ. ಮಜ್ಜಿಗೆಗೂ ಬರೀ ನೀರಿಗೂ ಅದು ಹಳದಿಯೇ. ಆಮ್ಲವನ್ನು ಗುರುತಿಸಬೇಕೆಂದರೆ ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ. ಆ ನೀರು ನಿಂಬೆರಸಕ್ಕೆ ಗಾಢ ಗುಲಾಬಿ, ಸೋಪಿನ ನೀರಿಗೆ ಹಸಿರು.

ಎಚ್ಚರಿಕೆ: ಸುಣ್ಣವನ್ನು ದೊಡ್ಡವರೇ ಮುಟ್ಟಬೇಕು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಸಿಡಿದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬೇಸಿಗೆ ಸೂಟಿ
ಇಂಡಿಯ ನಿಂಬೆಹಣ್ಣಿನಿಂದ ಬಲ್ಬ್ ಹೊತ್ತಿಸಬಹುದು ಎಂದು ಮೊಬೈಲಿನ ವಿಡಿಯೋದಲ್ಲಿ ನೋಡಿದೆ. ಒಂದೇ ಹಣ್ಣು, ದೊಡ್ಡ ಬಲ್ಬ್. ಮನೆಯಲ್ಲಿ ಏನೂ ಹೊತ್ತಲಿಲ್ಲ. ಮಗ ಅತ್ತುಬಿಟ್ಟ.

ಕರದಂಟು
ಆ ವಿಡಿಯೋ ಮೋಸ. ವಿದ್ಯುತ್ ಇಂಜಿನಿಯರ್ ಆಗಿ ಹೇಳುತ್ತೇನೆ, ಒಂದು ನಿಂಬೆಹಣ್ಣಿನಿಂದ ಮನೆಯ ಬಲ್ಬ್ ಹೊತ್ತುವುದಿಲ್ಲ, ಟಾರ್ಚಿನ ಹಳೆಯ ಬಲ್ಬೂ ಹೊತ್ತುವುದಿಲ್ಲ. ಸತುವು ಲೇಪಿಸಿದ ಮೊಳೆ, ದಪ್ಪ ತಾಮ್ರದ ತಂತಿ ಎರಡನ್ನೂ ಒಂದಕ್ಕೊಂದು ತಾಗದಂತೆ ಹಣ್ಣಿಗೆ ಚುಚ್ಚಿದರೆ ಸಿಗುವುದು ಸುಮಾರು 0.9 ವೋಲ್ಟ್. ಕೆಂಪು ಎಲ್‌ಇಡಿಗೆ (ಎರಡು ಕಾಲಿನ ಪುಟ್ಟ ದೀಪ) 1.8 ವೋಲ್ಟಿನ ಆಸುಪಾಸು ಬೇಕು. ಆದ್ದರಿಂದ ಮೂರು ನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸಿ: ಒಂದರ ತಾಮ್ರ ಮುಂದಿನದರ ಮೊಳೆಗೆ. ಎಲ್‌ಇಡಿಯ ಉದ್ದ ಕಾಲು ಕೊನೆಯ ತಾಮ್ರಕ್ಕೆ, ಗಿಡ್ಡ ಕಾಲು ಇನ್ನೊಂದು ತುದಿಯ ಮೊಳೆಗೆ. ಉಲ್ಟಾ ಹಾಕಿದರೆ ಹೊತ್ತುವುದಿಲ್ಲ. ಹೊತ್ತಿದರೂ ಮಿಣುಕು ಬೆಳಕು, ಕೋಣೆ ಕತ್ತಲಾಗಿರಬೇಕು. ಹಣ್ಣನ್ನು ಮೊದಲು ಅಂಗೈಯಲ್ಲಿ ಉರುಳಿಸಿ ಮೆತ್ತಗೆ ಮಾಡಿ.

ಶಕ್ತಿ ಬರುವುದು ನಿಂಬೆಯಿಂದಲ್ಲ, ಕರಗುವ ಸತುವಿನಿಂದ. ಹಾಗಾಗಿ ಆ ಹಣ್ಣುಗಳನ್ನು ಆಮೇಲೆ ಪಾನಕಕ್ಕೆ ಹಿಂಡಬೇಡಿ. ಗೋಡೆಯ ವಿದ್ಯುತ್ ಪ್ಲಗ್ಗಿನ ಹತ್ತಿರವಂತೂ ಈ ತಂತಿಗಳು ಸುಳಿಯಲೇಬಾರದು.

ಬೇಸಿಗೆ ಸೂಟಿ
ಹಾಗಾದರೆ ಎಲ್‌ಇಡಿಯಿಂದಲೇ ಮಾಡಿ ನೋಡುತ್ತೇವೆ. ಎಲ್‌ಇಡಿ ಬಾಗಲಕೋಟೆಯಲ್ಲಿ ಎಲ್ಲಿ ಸಿಗುತ್ತದೆ?

ನವನಗರದವಳು
ರೇಡಿಯೋ, ಟಿವಿ ರಿಪೇರಿ ಮಾಡುವವರ ಬಳಿ ಕೇಳಿ. ಹಳೆಯ ಆಟಿಕೆಯನ್ನು ಬಿಚ್ಚಿದರೂ ಒಂದೆರಡು ಸಿಗುತ್ತವೆ.

ದ್ರಾಕ್ಷಿ ಶೆಡ್ (ತಿಕೋಟಾ)
ನಿಂಬೆ ಬಂದ ಮೇಲೆ ದ್ರಾಕ್ಷಿ ಬಿಡುವುದು ಹೇಗೆ? ಗಾಜಿನ ಲೋಟಕ್ಕೆ ಹೊಸದಾಗಿ ತೆರೆದ ಕುಡಿಯುವ ಸೋಡಾ ಸುರಿದು ಏಳೆಂಟು ಒಣದ್ರಾಕ್ಷಿ ಹಾಕಿ. ಮೊದಲು ತಳಕ್ಕೆ ಹೋಗುತ್ತವೆ. ಸುಕ್ಕುಗಳಲ್ಲಿ ಗುಳ್ಳೆ ಹತ್ತಿಕೊಂಡ ಮೇಲೆ ಒಂದೊಂದೇ ಎದ್ದು ಬರುತ್ತವೆ, ಮೇಲೆ ಗುಳ್ಳೆ ಒಡೆದರೆ ಮಗುಚಿ ಮತ್ತೆ ತಳಕ್ಕೆ. ಬಹಳ ಹೊತ್ತು ನಡೆಯುತ್ತದೆ. ಹಸಿ ದ್ರಾಕ್ಷಿ ಹೀಗೆ ಕುಣಿಯುತ್ತದೆಯೇ? ಶೇಂಗಾ, ಕಡಲೆ, ಗುಂಡಿ? ಮಗು ಮೊದಲು ಊಹೆ ಬರೆದಿಡಲಿ, ಆಮೇಲೆ ಹಾಕಲಿ.

ಇನ್ನೊಂದು ನಮ್ಮ ಕಸುಬಿನದು. ಮಾರ್ಚ್‌ನಲ್ಲಿ ಹಸಿ ದ್ರಾಕ್ಷಿ ಅಗ್ಗವಾದಾಗ ಮೂರು ತಟ್ಟೆ ಮಾಡಿ: ಒಂದರಲ್ಲಿ ಹಾಗೇ ಇರುವ ಹಣ್ಣು, ಒಂದರಲ್ಲಿ ಸೂಜಿಯಿಂದ ಚುಚ್ಚಿದ್ದು, ಇನ್ನೊಂದರಲ್ಲಿ ಕುದಿಯುವ ನೀರಿನಲ್ಲಿ ಕ್ಷಣ ಮಾತ್ರ ಅದ್ದಿ ತೆಗೆದದ್ದು. ಅದ್ದುವ ಕೆಲಸ ದೊಡ್ಡವರದು. ಸೊಳ್ಳೆಪರದೆ ಮುಚ್ಚಿ ಒಂದೇ ಕಡೆ ಒಣಗಲಿಡಿ. ಹಾಗೇ ಇಟ್ಟದ್ದು ಎಲ್ಲಕ್ಕಿಂತ ತಡ, ಏಕೆಂದರೆ ಹಣ್ಣಿನ ಮೇಲಿನ ಮೇಣದ ಪದರ ನೀರನ್ನು ಬಿಡುವುದಿಲ್ಲ. ನಾವು ಶೆಡ್ಡಿನಲ್ಲಿ ಹಾಕುವ ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಗೊಂಚಲು ಅದ್ದುವುದು ಆ ಮೇಣದ ತಡೆ ಮುರಿಯಲೆಂದೇ. ತೂಕದ ಲೆಕ್ಕವೂ ಕಲಿಯಬಹುದು: ಸುಮಾರು ನಾಲ್ಕು ಕಿಲೋ ಹಸಿಗೆ ಒಂದು ಕಿಲೋ ಒಣದ್ರಾಕ್ಷಿ. ಉಳಿದ ಮೂರು ಕಿಲೋ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ.

ಪಡಸಾಲೆ
ಮೇಣದಬತ್ತಿಯ ಬಗ್ಗೆ ಕೇಳಬೇಕಿತ್ತು. ತಟ್ಟೆಯ ನೀರಿನಲ್ಲಿ ಮೇಣದಬತ್ತಿ ಉರಿಸಿ ಲೋಟ ಮುಚ್ಚಿದರೆ ಬತ್ತಿ ಆರಿ ನೀರು ಮೇಲೇರುತ್ತದೆ. ಆಮ್ಲಜನಕ ಉರಿದು ಖಾಲಿಯಾದ ಐದನೇ ಒಂದು ಭಾಗಕ್ಕೆ ನೀರು ಬರುತ್ತದೆ ಎಂದು ನಾನು ಕಲಿತದ್ದು. ಮಗಳಿಗೂ ಅದನ್ನೇ ಹೇಳಲೇ?

ಅಥಣಿ ಅಪ್ಪ
ಅದೇ ಸರಿ. ನಾನೂ ಅದನ್ನೇ ಓದಿದ್ದೇನೆ. ಗಾಳಿಯಲ್ಲಿ ಆಮ್ಲಜನಕ ಶೇ. 21.

ರಸಾಯನ
ಶೇ. 21 ಸರಿ, ವಿವರಣೆ ತಪ್ಪು. ಇದು ಎಷ್ಟು ಕಡೆ ಹೀಗೇ ನಡೆದು ಬಂದಿದೆಯೆಂದರೆ ಅಳಿಸುವುದು ಕಷ್ಟ. ಮುಚ್ಚಿದ ಲೋಟದಲ್ಲಿ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರುತ್ತದೆ. ಆಮ್ಲಜನಕ ಖರ್ಚಾದ ಕಡೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ, ಜಾಗ ಖಾಲಿ ಬಿದ್ದಿರುವುದಿಲ್ಲ. ನೀರು ಏರಲು ಮುಖ್ಯ ಕಾರಣ ಬಿಸಿ. ಬತ್ತಿಯ ಮೇಲೆ ಲೋಟ ತರುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಒಂದಷ್ಟು ಹೊರಗೆ ಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ.

ಅಥಣಿ ಅಪ್ಪ
ಇದನ್ನು ಹೇಗೆ ನಂಬುವುದು? ಎರಡೂ ಬರೀ ವಿವರಣೆಗಳೇ ಅಲ್ಲವೇ.

ರಸಾಯನ
ನಂಬಬೇಡಿ, ಮಾಡಿ ನೋಡಿ. ಒಂದು ಬತ್ತಿಯ ಬದಲು ಮೂರು ಬತ್ತಿ ಇಟ್ಟು ಅದೇ ಲೋಟ ಮುಚ್ಚಿ. ಆಮ್ಲಜನಕದ ಲೆಕ್ಕವೇ ನಿಜವಾದರೆ ನೀರು ಅಷ್ಟೇ ಏರಬೇಕು, ಲೋಟದ ಗಾಳಿ ಅಷ್ಟೇ ಇದೆಯಲ್ಲ. ಆದರೆ ಹೆಚ್ಚು ಏರುತ್ತದೆ. ನೀರು ಜೋರಾಗಿ ಏರುವುದು ಬತ್ತಿ ಉರಿಯುವಾಗಲ್ಲ, ಆರಿದ ಮೇಲೆ. ಇನ್ನೂ ಅನುಮಾನವಿದ್ದರೆ ಬತ್ತಿಯೇ ಬೇಡ: ಸ್ಟೀಲ್ ಲೋಟವನ್ನು ಬಿಸಿನೀರಿನಲ್ಲಿ ಅದ್ದಿ ಕಾಯಿಸಿ, ನೀರು ಚೆಲ್ಲಿ, ಕೂಡಲೇ ತಟ್ಟೆಯ ನೀರಿನಲ್ಲಿ ಬೋರಲು ಹಾಕಿ. ಸ್ವಲ್ಪ ಹೊತ್ತಿಗೆ ತಟ್ಟೆಯ ನೀರು ಒಳಗೆ ಸೇರಿ ಕಡಿಮೆಯಾಗುತ್ತದೆ. ಅಲ್ಲಿ ಏನೂ ಉರಿಯಲಿಲ್ಲ.

ಹುನಗುಂದದ ಗುರುಗಳು
ಈ ಒಂದು ಉತ್ತರಕ್ಕಾಗಿಯೇ ಈ ಚರ್ಚೆ ಉಳಿಯಬೇಕು. ಸೋಮವಾರ ಏಳನೇ ತರಗತಿಗೆ ಬಿಸಿ ಲೋಟದಿಂದಲೇ ಆರಂಭಿಸುತ್ತೇನೆ. ಮೇಣದಬತ್ತಿ ಹಿಡಿಯುವಾಗ ಹುಡುಗಿಯರ ಜಡೆ, ದುಪಟ್ಟಾ ಹಿಂದೆ ಕಟ್ಟಿರಲಿ. ಪಕ್ಕದಲ್ಲಿ ನೀರಿನ ಬಕೆಟ್ ಇರಲಿ.

ಅಥಣಿ ಅಪ್ಪ
ಮಾಡಿದೆವು. ಮೂರು ಬತ್ತಿ, ಅದೇ ಲೋಟ. ನೀರು ಹೆಚ್ಚು ಏರಿತು. ಮಗ ನಾಲ್ಕನೆಯದನ್ನು ಇಡಲು ಜಾಗ ಹುಡುಕುತ್ತಿದ್ದಾನೆ. ನವೋದಯದ ಬಗ್ಗೆ ನನ್ನ ಮಾತು ನನ್ನದೇ, ಆದರೆ ರಸಾಯನದವರ ಉತ್ತರ ಸರಿ.

ನವನಗರದವಳು
ಅಡುಗೆಮನೆ ಬಿಟ್ಟು ಎಲ್ಲ ಕಡೆ ತಿರುಗುತ್ತಿದ್ದೀರಿ. ಜೋಳದ ರೊಟ್ಟಿ ಯಾರಿಗೂ ನೆನಪಾಗಲಿಲ್ಲವೇ? ನನ್ನ ಮಗ ಕೊಣಮಿಗೆಯ (ಹಿಟ್ಟು ನಾದುವ ಮರಿಗೆ) ಪಕ್ಕ ಕುಳಿತು ಕೇಳಿದ: ಹಿಟ್ಟಿಗೆ ಕುದಿಯುವ ಎಸರನ್ನೇ ಏಕೆ ಹಾಕುತ್ತೀ? ಹೇಳಲಿಲ್ಲ. ಎರಡು ಉಂಡೆ ಮಾಡಿಸಿದೆ, ಒಂದು ಎಸರಿನದು, ಒಂದು ತಣ್ಣೀರಿನದು. ತಣ್ಣೀರಿನ ಉಂಡೆ ನಾದುವಾಗಲೇ ಒಡೆಯುತ್ತಿತ್ತು, ತಟ್ಟಿದರೆ ಅಂಚೆಲ್ಲ ಸೀಳು. ಎಸರಿನದು ಅಂಗೈಯ ಕೆಳಗೆ ತೆಳ್ಳಗೆ ಹರಡಿತು. ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿದೆ. ಉಬ್ಬಿತು. ಮುಂದಿನ ರೊಟ್ಟಿಗೆ ಅವನು ಉಬ್ಬುವ ಮುನ್ನವೇ ಕಡ್ಡಿಯಿಂದ ತೂತು ಮಾಡಿದ. ಉಬ್ಬಲಿಲ್ಲ, ತೂತಿನಿಂದ ಹಬೆ ಸುಯ್ಯೆಂದು ಹೊರಬಂತು. "ಒಳಗೆ ನೀರು ಆವಿಯಾಗುತ್ತಿದೆ" ಎಂದು ಅವನೇ ಹೇಳಿದ.

ರಸಾಯನ
ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ಜೋಳದಲ್ಲಿಲ್ಲ, ಅದಕ್ಕೇ ತಣ್ಣೀರಿಗೆ ಹಿಟ್ಟು ಒಗ್ಗೂಡುವುದಿಲ್ಲ. ಕುದಿಯುವ ನೀರಿಗೆ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ಆ ಅಂಟೇ ರೊಟ್ಟಿಯನ್ನು ಹಿಡಿದಿಡುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಜಾಗ ಹಿಡಿಯುತ್ತದೆ, ರೊಟ್ಟಿ ಉಬ್ಬುವುದು ಅದರಿಂದ.

ಇಳಕಲ್ ಅಜ್ಜಿ
ಹೊಸ ಜೋಳದ ಹಿಟ್ಟು, ಹಳೆಯ ಹಿಟ್ಟು ಎರಡನ್ನೂ ತಟ್ಟಿ ನೋಡಲು ಹೇಳಿ. ಹಳೆಯದಕ್ಕೆ ಜಿಗುಟು ಕಡಿಮೆ.

ಮಳೆಸೀಮೆ (ಖಾನಾಪುರ)
ಗುರುಗಳು ಮಳೆ ಅಳೆಯುವ ಮಾತೆತ್ತಿದರು, ಯಾರೂ ಹಿಡಿಯಲಿಲ್ಲ. ನಮ್ಮ ಮಗಳು ವಿಜಯಪುರದಲ್ಲಿರುವ ಚಿಕ್ಕಪ್ಪನ ಮಗನ ಜೊತೆ ಫೋನಿನಲ್ಲಿ ದಿನವೂ ಮಳೆಯ ಲೆಕ್ಕ ಹೇಳಿಕೊಳ್ಳುತ್ತಾಳೆ. ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ನಮ್ಮ ಕಡೆ ಜುಲೈ ಒಂದೇ ತಿಂಗಳಲ್ಲಿ ಅದನ್ನು ದಾಟುವುದುಂಟು. ಮಕ್ಕಳಿಗೆ ಇದು ಪುಸ್ತಕದಿಂದ ಬಂದ ಮಾತಲ್ಲ, ತಮ್ಮದೇ ವಹಿಯಲ್ಲಿ ಬರೆದ ಅಂಕಿ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಒಳಗೆ ಕೂರಿಸಿ. ಸ್ಕೇಲು ಅಂಟಿಸಿ. ಗಿಡ, ಮಾಳಿಗೆಯಿಂದ ದೂರ, ಬಯಲಿನಲ್ಲಿಡಿ. ದಿನವೂ ಬೆಳಿಗ್ಗೆ 8.30ಕ್ಕೆ ಓದಿ, ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಓದುತ್ತಾರೆ.

ಕರದಂಟು
ಎರಡು ತಿದ್ದುಪಡಿ. ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ, ಆದ್ದರಿಂದ ಮೊದಲು ಕಲ್ಲು ಹಾಕಿ, ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ. ಕಲ್ಲು ಇದ್ದರೆ ಗಾಳಿಗೆ ಉರುಳುವುದೂ ಇಲ್ಲ. ಎರಡನೆಯದು, ಬೇರೆ ಅಗಲದ ಲಾಳಿಕೆ ಇಡಬೇಡಿ. ಬಾಟಲಿಗಿಂತ ಬಾಯಿ ಅಗಲವಾದರೆ ಮಳೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಮಳೆಸೀಮೆ
ಸರಿ, ಕಲ್ಲು ನಾವೂ ಹಾಕಿದ್ದೇವೆ. ಖಾನಾಪುರದ ಗಾಳಿಗೆ ಬಾಟಲಿ ನಿಲ್ಲಬೇಕಲ್ಲ.

ಗುಮ್ಮಟದ ನೆರೆ (ವಿಜಯಪುರ)
ಮಳೆಯೇ ಬಾರದ ನಮ್ಮೂರಿನಲ್ಲಿ ಬಿಸಿಲಿದೆ! ವಿಜಯಪುರ, ಬಾಗಲಕೋಟೆ, ಬೆಳಗಾವಿ, ನಮ್ಮ ಮೂರೂ ಜಿಲ್ಲೆಗಳು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿವೆ. ಹಾಗಾಗಿ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ: ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲರ್ಧದಲ್ಲಿ. ಆ ದಿನ ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಮಧ್ಯಾಹ್ನ ಅದರ ಬುಡದೊಳಗೇ ಅಡಗುತ್ತದೆ. ಗಡಿಯಾರದ 12 ಗಂಟೆಗಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದ್ದು, ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಮೇ ತಿಂಗಳಲ್ಲಿ ವಿಜಯಪುರಕ್ಕೆ ಸುಮಾರು 12.25, ಬೆಳಗಾವಿಗೆ ಇನ್ನೂ ನಾಲ್ಕೈದು ನಿಮಿಷ ತಡ. ಒಂದು ವಾರ ಮೊದಲಿನಿಂದಲೇ ದಿನಾ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತ ಬನ್ನಿ. ಸೂರ್ಯನನ್ನು ನೇರವಾಗಿ ನೋಡಬಾರದು, ನೆಲದ ಮೇಲಿನ ನೆರಳನ್ನು ಮಾತ್ರ.

ಗೋಳಗುಮ್ಮಟವನ್ನೂ ಬಿಡಬೇಡಿ. 1656ರಲ್ಲಿ ಮುಗಿದ ಕಟ್ಟಡ, ಒಳಗಿನ ಗುಮ್ಮಟದ ವ್ಯಾಸ ಸುಮಾರು 38 ಮೀಟರ್. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕೇಳುತ್ತದೆ, ಏಕೆಂದರೆ ದನಿ ಬಾಗಿದ ಗೋಡೆಯ ಅಂಚಿಗೇ ಅಂಟಿಕೊಂಡು ಸಾಗುತ್ತದೆ. ಪ್ರವಾಸಿಗರ ಕೂಗಾಟದಲ್ಲಿ ಏನೂ ತಿಳಿಯುವುದಿಲ್ಲ, ಬೆಳಿಗ್ಗೆ ಬೇಗ ಹೋಗಿ.

ಹುನಗುಂದದ ಗುರುಗಳು
ಅಲ್ಲಿಂದ ಮನೆಗೆ ಬಂದು ದಾರದ ಫೋನ್ ಮಾಡಿ: ಎರಡು ಕಾಗದದ ಕಪ್ಪು, ಉದ್ದ ದಾರ, ಎರಡು ಕಡ್ಡಿಚೂರು. ದಾರ ಬಿಗಿ ಇದ್ದಾಗ ಕೇಳುತ್ತದೆಯೇ, ಸಡಿಲ ಇದ್ದಾಗ? ನಡುವೆ ಒಬ್ಬರು ಬೆರಳಿನಿಂದ ದಾರ ಹಿಡಿದರೆ? ಇಂಥ ಆಟಿಕೆಗಳನ್ನು ಕಸದಿಂದಲೇ ಮಾಡಿ ತೋರಿಸಿದ ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನನ್ನಂಥ ಎಷ್ಟೋ ಶಿಕ್ಷಕರು ಅವರಿಂದ ಕಲಿತಿದ್ದೇವೆ.

ಬೇಸಿಗೆ ಸೂಟಿ
ಎಲ್‌ಇಡಿ ಹೊತ್ತಿತು! ನಾಲ್ಕು ನಿಂಬೆಹಣ್ಣು, ಕೋಣೆಯ ಕಿಟಕಿ ಮುಚ್ಚಿ ನೋಡಿದೆವು. ಈಗ ಆಲೂಗಡ್ಡೆಯಿಂದಲೂ ಆಗುತ್ತದೆಯೇ ಎಂದು ಕೇಳುತ್ತಿದ್ದಾನೆ.

ಕರದಂಟು
ಆಗುತ್ತದೆ ಎಂದು ಹೇಳಬೇಡಿ. ಆಲೂಗಡ್ಡೆ ಕೊಡಿ.

ಪಡಸಾಲೆ
ಹಿಟ್ಟಿನ ದೋಣಿ ಇಪ್ಪತ್ತಕ್ಕೂ ಹೆಚ್ಚು ಹುಣಸೆ ಬೀಜ ಹೊತ್ತಿತು. ಬಳಿಕ ಹಿಟ್ಟು ನೀರಿಗೆ ಕರಗಲು ಶುರುವಾಯಿತು, ಎರೆಮಣ್ಣಿನಲ್ಲಿ ಮಾಡುತ್ತೇನೆ ಎಂದಳು. ಮಳೆಮಾಪಕವನ್ನೂ ಮಾಳಿಗೆಯ ಮೇಲಿಟ್ಟಿದ್ದೇವೆ. ಆದರೆ ಸೊನ್ನೆಗೆ ತುಂಬಿಸಿದ ನೀರಿನಲ್ಲಿ ಹಸಿರು ಪಾಚಿ ಕಟ್ಟಿದೆ, ಗುರುತು ಕಾಣುವುದಿಲ್ಲ. ಏನು ಮಾಡಬೇಕು?

ಮಳೆಸೀಮೆ
ವಾರಕ್ಕೊಮ್ಮೆ ನೀರು ಬದಲಿಸಿ. ಇಲ್ಲದಿದ್ದರೆ ಪಾಚಿಯ ಜೊತೆ ಸೊಳ್ಳೆಯೂ ಮರಿ ಮಾಡುತ್ತದೆ.

ಎರೆಹೊಲ
ಬದಲಿಸುವ ಮೊದಲು ಆ ಹಸಿರು ನೀರನ್ನು ಎರಡು ಸಣ್ಣ ಶೀಶೆಗೆ ಹಾಕಿ, ಮುಚ್ಚಳ ಬಿಗಿ ಮಾಡಿ ಕಿಟಕಿಯಲ್ಲಿಡಿ. ಒಂದಕ್ಕೆ ಕಪ್ಪು ಕಾಗದ ಸುತ್ತಿ, ಇನ್ನೊಂದನ್ನು ಹಾಗೇ ಬಿಡಿ. ಯಾವುದರಲ್ಲಿ ಪಾಚಿ ಹೆಚ್ಚುತ್ತದೆ ಎಂದು ಅವಳು ಮುಂದಿನ ಭಾನುವಾರ ಬಿಚ್ಚಿ ನೋಡಲಿ.

ಪಡಸಾಲೆ
ಕಾಗದ ಸುತ್ತಿಯಾಯಿತು. ಬುಧವಾರವೇ ಬಿಚ್ಚುತ್ತೇನೆ ಎಂದು ಹಟ ಹಿಡಿದಿದ್ದಾಳೆ.